ಸುರುಳಿ ರೆಕ್ಕೆಯ ಹಿಂಡು

ಗುಂಡಪ್ಪನ ಕುಂಚದ ತುದಿ ಇನ್ನೊಂದು ನೊಣವನ್ನು ಪಕ್ಕಕ್ಕೆ ಸರಿಸಿತು.

ಕೇಶರಬಾಯಿ ಮನಸ್ಸಿನಲ್ಲೇ ಎಣಿಸಿದರು. ಇದು ಏಳನೆಯದು.

ಐಸಿನ ಮೇಲಿಟ್ಟ ಬಿಳಿ ಟೈಲ್ಸಿನ ತುಂಡಿನ ಮೇಲೆ ಹಣ್ಣಿನ ನೊಣಗಳು ಚಳಿಗೆ ಮಂಪರು ಹತ್ತಿ ಬಿದ್ದಿದ್ದವು. ಬಾಳೆಹಣ್ಣು ತುಸು ಕಳಿತರೆ ಸಾಕು, ಎಲ್ಲಿಂದಲೋ ಬಂದು ಮುತ್ತುತ್ತವಲ್ಲ, ಅವೇ. ಹುಮನಾಬಾದಿನ ಈ ಸಂಶೋಧನಾ ಕೇಂದ್ರದಲ್ಲಿ ಅವಕ್ಕೊಂದು ಪ್ರತ್ಯೇಕ ಕೋಣೆ, ಎಸಿಯ ತಂಪು, ವಾರವಾರ ರವೆ ಬೆಲ್ಲದ ಬಿಸಿ ಅಡುಗೆ. ಪೊಲೀಸ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದ ಕೇಶರಬಾಯಿಗೆ, ತಮ್ಮ ಠಾಣೆಯಲ್ಲಿ ಒಂದು ಫ್ಯಾನೂ ನೆಟ್ಟಗೆ ತಿರುಗದಿದ್ದದ್ದು ನೆನಪಾಗಿ ಈ ನೊಣಗಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

"ಗುಂಡಪ್ಪಣ್ಣ, ಅದನ್ಯಾಕ ತೆಗದ್ರಿ?"

"ರೆಕ್ಕಿ ನೆಟ್ಟಗ ಅದಾವಲ್ರಿ ಅಕ್ಕೋರೆ. ಇದು ನಮ್ದಲ್ಲ." ಗುಂಡಪ್ಪ ಭೂತಗನ್ನಡಿಯನ್ನು ಅವರತ್ತ ಸರಿಸಿದ. "ನಮ್ಮ ಹಿಂಡಿಂದು ರೆಕ್ಕಿ ಮ್ಯಾಲಕ್ಕ ಸುರುಳಿ ಆಗಿರ್ತಾವ. ನೋಡ್ರಿ, ಇಕಾ ಇಂಥವು. ಚಂದ ಅದಾವಿಲ್ಲ?"

ಚಂದವೇ ಇದ್ದವು. ಹೊಸ ಮೀಸೆ ತಿರುವಿದ ಹುಡುಗರಂತೆ ಒಂದೊಂದರ ರೆಕ್ಕೆಯೂ ಮೇಲಕ್ಕೆ ಹೊರಳಿತ್ತು. ಆದರೆ ಕೇಶರಬಾಯಿಯ ಕಣ್ಣು ಚಂದದ ಮೇಲಿರಲಿಲ್ಲ, ಪಕ್ಕಕ್ಕೆ ಬಿದ್ದ ಏಳರ ಮೇಲಿತ್ತು.

ನಾಳೆ ಹನ್ನೊಂದಕ್ಕೆ ವಿಚಾರಣಾ ಸಮಿತಿ ಕೂಡುತ್ತದೆ, ಅಷ್ಟರೊಳಗೆ ಈ ನೊಣಗಳ ಅಳತೆ ಬದಲಾದದ್ದಕ್ಕೆ ಕಾರಣ ಸಿಗದಿದ್ದರೆ ತಂಗಿಯ ಮಗಳು ಮನೀಷಾ ಸುಳ್ಳು ಫಲಿತಾಂಶ ಬರೆದವಳೆಂದು ಹೆಸರು ಕೆಡಿಸಿಕೊಂಡು ಪಿಎಚ್‌ಡಿಯಿಂದ ಹೊರಬೀಳುತ್ತಾಳೆ. ಕೇಶರಬಾಯಿ ಬಸವಕಲ್ಯಾಣದಿಂದ ಬೆಳಗಿನ ಬಸ್ಸು ಹಿಡಿದು ಇಲ್ಲಿಗೆ ಓಡಾಡಲು ಶುರುಮಾಡಿ ಇದು ನಾಲ್ಕನೆಯ ದಿನ.

ದೂರು ಕೊಟ್ಟವರು ಬೇರೆ ಯಾರೂ ಅಲ್ಲ, ಅವಳ ಮಾರ್ಗದರ್ಶಕರಾದ ಅಶೋಕಕುಮಾರ ಸರ್. ಕೆಟ್ಟ ಮನುಷ್ಯರಲ್ಲ. ಇಸ್ತ್ರಿ ಮಾಡಿದ ಅಂಗಿಯಂತೆ ನೆಟ್ಟಗಿನವರು. "ನೀವು ಅವಳ ದೊಡ್ಡಮ್ಮ. ಆದರೂ ಪೊಲೀಸಿನವರು ಅಂತ ನಂಬಿ ಬಾಗಿಲು ತೆಗೆದಿದ್ದೇನೆ. ನಿಮ್ಮ ಸಂಬಂಧ ಇದರೊಳಗೆ ಎಲ್ಲಿಯಾದರೂ ಇಣುಕಿದರೆ ನಿಮ್ಮ ವರದಿಗೆ ಕಿಮ್ಮತ್ತಿಲ್ಲ," ಎಂದು ಮೊದಲ ದಿನವೇ ಹೇಳಿದ್ದರು. ಕೇಶರಬಾಯಿ ಹೂಂ ಎಂದು ತಲೆಯಾಡಿಸಿದ್ದರು. ತಪ್ಪೇನಿದೆ, ತಾನಿದ್ದರೂ ಹಾಗೆಯೇ ಹೇಳುತ್ತಿದ್ದೆ ಎಂದುಕೊಂಡಿದ್ದರು.

ಮೊದಲ ಮೂರು ದಿನ ಅವರ ಸಂಶಯ ಕಲ್ಲಿನಾಥನ ಮೇಲಿತ್ತು. ಅದೇ ಕೋಣೆಯ ಇನ್ನೊಬ್ಬ ಸಂಶೋಧಕ. ಕೋಣೆಯ ಎರಡನೆಯ ಕೀಲಿ ಅವನ ಜೇಬಿನಲ್ಲಿ, ಮನೀಷಾಳ ಮೇಲಿನ ಅಸೂಯೆ ಅವನ ಮುಖದಲ್ಲಿ. ಸೀಸೆ ಅದಲುಬದಲು ಮಾಡಿದವನು ಅವನೇ ಎಂದು ಕೇಶರಬಾಯಿ ಮುಕ್ಕಾಲು ಪಾಲು ನಿಶ್ಚಯ ಮಾಡಿದ್ದರು. ನಿನ್ನೆ ಸಂಜೆ ಅವನು ನೊಣ ಆರಿಸುವುದನ್ನು ನೋಡಿದ ಮೇಲೆ ಆ ನಿಶ್ಚಯ ನೀರಿಗೆ ಬಿತ್ತು. ಕುಂಚ ಹಿಡಿದರೆ ಅವನ ಕೈ ನಡುಗುತ್ತದೆ. ಮೂರು ನೊಣ ಜಜ್ಜಿ, ನಾಲ್ಕನೆಯದಕ್ಕೆ "ಗುಂಡಪ್ಪ ಕಾಕಾ, ಜರಾ ಬರ್ರಿ" ಎಂದು ಕೂಗಿದ್ದ.

ಈ ಕೋಣೆಯಲ್ಲಿ ಎಲ್ಲರೂ ಕೂಗುವುದು ಗುಂಡಪ್ಪನನ್ನೇ. ದುಬಲಗುಂಡಿಯಿಂದ ದಿನಾ ಬಸ್ಸಿಗೆ ಬರುವ ಐವತ್ತೊಂಬತ್ತರ ಅಟೆಂಡರು. ಲೇಬಲ್ಲಿನ ಮೇಲಿನ ಇಂಗ್ಲಿಷು ಓದಲು ಬಾರದು, ಆದರೆ ನೂರಾಇಪ್ಪತ್ತು ಸೀಸೆಗಳಲ್ಲಿ ಯಾವುದು ಯಾರದೆಂದು ಕಣ್ಣು ಮುಚ್ಚಿ ಹೇಳಬಲ್ಲ. ಮೊದಲ ದಿನದಿಂದಲೂ ಕೇಶರಬಾಯಿಗೆ ಸರಿಹೊತ್ತಿಗೆ ಚಹಾ ತಂದುಕೊಟ್ಟವನು, ಕೂಡಲು ಮೆತ್ತನೆಯ ಸ್ಟೂಲು ಹುಡುಕಿ ತಂದವನು. ಅಂಥವನ ಮೇಲೆ ಸಂಶಯಪಡಲು ಪೊಲೀಸು ಬುದ್ಧಿಗೂ ನಾಚಿಕೆಯಾಗಬೇಕು.

"ದಿನಾ ಹಿಂಗ ಆರಸ್ತೀರೇನು?" ಕೇಶರಬಾಯಿ ಸಹಜವಾಗಿಯೇ ಕೇಳಿದರು.

"ಹೊಸಾ ಮರಿ ಹೊಂಟಾಗೊಮ್ಮೆ ಆರಸ್ತೀನ್ರಿ. ಮನೀಷಾ ಬಾಯಿ ಕೈಗೆ ಕೊಡೋಕಿಂತ ಮೊದ್ಲ ಹಸನ ಮಾಡಿ ಇಡ್ತೀನಿ. ಪಾಪ, ಅವರಿಗ್ಯಾಕ ತ್ರಾಸು."

ಮರಿ ಎಂದಿದ್ದ. ನೊಣದ ಮರಿ. ಕೇಶರಬಾಯಿ ಮೆಲ್ಲಗೆ ಎದ್ದು ಕಾರಿಡಾರಿಗೆ ಬಂದು ಫೋನು ತೆಗೆದರು.

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯ ತಮ್ಮ ಮನೆಯಲ್ಲಿ ಮನೀಷಾ ವಾರದಿಂದ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಮೊದಲ ರಿಂಗಿಗೇ ಎತ್ತಿದಳು.

"ಉಂಡೇನವ್ವ?"

"ಹಸಿವಿಲ್ಲ ದೊಡ್ಡವ್ವ. ಏನರ ಸಿಕ್ತಾ?"

"ಮೊದ್ಲ ಉಣ್ಣು. ರೊಟ್ಟಿ ಡಬ್ಬ್ಯಾಗದಾವ, ಪುಂಡಿಪಲ್ಯ ಮಾಡಿ ಇಟ್ಟೇನಿ. ಈಗ ಒಂದ್ ಮಾತು ಕೇಳ್ತೀನಿ, ಸೀದಾ ಹೇಳು. ನಿನ್ನ ಸೀಸೇದಾಗ ನೆಟ್ಟ ರೆಕ್ಕಿ ನೊಣ ನೂರಕ್ಕ ಎಷ್ಟ್ ಇರ್ತಾವ?"

"ಒಂದೂ ಇರಂಗಿಲ್ಲ."

"ಒಂದೂ?"

"ಇರಾಕ ಸಾಧ್ಯನೇ ಇಲ್ಲ ದೊಡ್ಡವ್ವ. ಆವತ್ತ್ ಹೇಳಿದ್ನಲ್ಲ."

ಹೇಳಿದ್ದಳು. ಆವತ್ತು ಕೇಶರಬಾಯಿ ಹೆಗಲ ಮೇಲಿನ ಕಂಬಳಿಯ ಅಂಚನ್ನು ಅವಳ ಕೈಗೆ ಕೊಟ್ಟು, ನನಗೆ ತಿಳಿಯುವಂತೆ ಇದರಲ್ಲಿ ತೋರಿಸು ಎಂದಿದ್ದರು. ಹುಡುಗಿ ಅಳು ಮರೆತು ಪಾಠ ಮಾಡಿದ್ದಳು. ಜೀವಕೋಶದೊಳಗಿನ ವರ್ಣತಂತು ಕಂಬಳಿಯಾದರೆ ಅದರ ಅಂಚಿನ ಕುಚ್ಚು ಟೆಲೊಮಿಯರು. ಕುಚ್ಚು ಇಲ್ಲದಿದ್ದರೆ ಕಂಬಳಿ ಬಿಚ್ಚಿಕೊಳ್ಳುತ್ತದೆ. ಕೋಶ ಒಡೆದು ಎರಡಾದಾಗಲೆಲ್ಲ ಅದು ತುಸು ಸವೆಯುತ್ತದೆ. ಮನುಷ್ಯರಲ್ಲಿ ಅದನ್ನು ಮತ್ತೆ ನೇಯಲು ಒಂದು ಕಿಣ್ವವಿದೆ, ನೊಣಕ್ಕೆ ಅದಿಲ್ಲ. ನೊಣದಲ್ಲಿ ಜಿಗಿಯುವ ಡಿಎನ್‌ಎ ತುಣುಕುಗಳಿವೆ, ಅವು ಬಂದು ತುದಿಗೆ ಕೂಡಿಕೊಳ್ಳುತ್ತವೆ. ಇಷ್ಟೇ ಸಾಕು, ಇನ್ನು ಬರಬೇಡಿ ಎಂದು ತಡೆಯುವುದಕ್ಕೆ ಅಲ್ಲಿ ಕೆಲವು ಪ್ರೋಟೀನುಗಳ ಕಾವಲು. ಅದರಲ್ಲೊಂದಕ್ಕೆ ಎಚ್‌ಪಿ-ಒನ್ ಅಂತ ಹೆಸರು.

ಮನೀಷಾಳ ನೊಣಗಳಲ್ಲಿ ಈ ಕಾವಲು ಅರ್ಧಕ್ಕರ್ಧ ಕಡಿಮೆ. ತಲೆಮಾರಿನಿಂದ ತಲೆಮಾರಿಗೆ ಕುಚ್ಚು ಬೆಳೆಯುತ್ತಲೇ ಹೋಗಿ, ಎರಡು ವರ್ಷದ ಹಿಂದೆ ಮಾಮೂಲಿಗಿಂತ ಎಷ್ಟೋ ಪಟ್ಟು ಉದ್ದವಾಗಿತ್ತು. ಅದನ್ನು ಅಳೆದು ಬರೆದೇ ಅವಳು ಹೆಸರು ಮಾಡಿದ್ದು. ಈ ಫೆಬ್ರವರಿಯಲ್ಲಿ ಅದೇ ಸೀಸೆಯ ನೊಣಗಳನ್ನು ಅಶೋಕಕುಮಾರ ಸರ್ ಬೇರೆ ಕಡೆ ಕಳಿಸಿ ಅಳೆಸಿದರೆ, ಕುಚ್ಚು ಎಲ್ಲ ನೊಣಗಳಷ್ಟೇ ಗಿಡ್ಡ.

"ಇನ್ನೊಮ್ಮೆ ಹೇಳು," ಎಂದರು ಕೇಶರಬಾಯಿ. "ಸುರುಳಿ ರೆಕ್ಕಿದು."

"ನಮ್ಮ ಹಿಂಡಿನಾಗ ಪ್ರತಿ ನೊಣದಾಗೂ ಆ ವರ್ಣತಂತು ಎರಡೆರಡು. ಒಂದ್ರಾಗ ಕಾವಲು ಇಲ್ಲದ ದೋಷ, ಇನ್ನೊಂದ್ರಾಗ ಸುರುಳಿ ರೆಕ್ಕಿ ಗುರ್ತು. ಎರಡೂ ಕಡಿ ದೋಷ ಬಂದ್ರ ಸಾಯ್ತಾವ. ಎರಡೂ ಕಡಿ ಸುರುಳಿ ಬಂದ್ರೂ ಸಾಯ್ತಾವ. ಅದಕ್ಕ ಬದುಕಿದ್ದೆಲ್ಲಾ ಸುರುಳೀನೇ. ಆರಸೋದೇ ಬ್ಯಾಡ."

"ಹೊರಗಿಂದ ನೆಟ್ಟ ರೆಕ್ಕಿ ಗಂಡು ಬಂತು ಅಂತ ತಿಳಕೋ."

"ಆಗ ಮರಿ ಅರ್ಧ ನೆಟ್ಟ, ಅರ್ಧ ಸುರುಳಿ. ದೋಷ ನೆಟ್ಟನವುಕ್ಕ ಹೋಗ್ತದ. ಸುರುಳಿವುಕ್ಕ ದೋಷ ಇರಂಗಿಲ್ಲ, ಕಾವಲು ಪೂರಾ ಇರ್ತದ."

"ಆಗ ಯಾರರ ನೆಟ್ಟನವು ತೆಗದು ಬಿಸಾಕಿ, ಸುರುಳಿವಷ್ಟೇ ಇಟ್ಕೊಂಡ್ರ?"

ಮನೀಷಾಳ ದನಿ ಸಣ್ಣದಾಯಿತು.

"ಆಗ ಏನೂ ಉಳಿಯಂಗಿಲ್ಲ ದೊಡ್ಡವ್ವ. ನೋಡಾಕ ನಮ್ಮ ಹಿಂಡೇ. ಒಳಗ ಬ್ಯಾರೆ. ಯಾರು ಮಾಡ್ಯಾರ?"

"ಉಣ್ಣು ಹೋಗು," ಎಂದು ಕೇಶರಬಾಯಿ ಫೋನಿಟ್ಟರು.

ಅವರಿಗೆ ಉತ್ತರ ಗೊತ್ತಿತ್ತು. ಅದು ಗೊತ್ತಾದದ್ದು ಪೊಲೀಸು ಕೆಲಸದಿಂದಲ್ಲ. ಗೋರ್ಟಾದಲ್ಲಿ ಅವರ ಅಪ್ಪ ಕುರಿ ಕಾಯುತ್ತಿದ್ದ. ಹಿಂಡು ಬಡಕಲಾದರೆ, ಮರಿ ಸತ್ತು ಹುಟ್ಟಲು ಶುರುವಾದರೆ, ಅಪ್ಪ ಹಳೆಯ ಟಗರನ್ನು ಬಿಡಿಸಿ ಬೀಗರ ಹಿಂಡಿನ ಟಗರನ್ನು ತಂದು ಬಿಡುತ್ತಿದ್ದ. ಹುಟ್ಟಿದ ಮರಿಗಳಲ್ಲಿ ತನ್ನ ಹಿಂಡಿನ ಬಣ್ಣ, ತನ್ನ ಹಿಂಡಿನ ಕಿವಿ ಇದ್ದವನ್ನು ಇಟ್ಟುಕೊಂಡು ಉಳಿದವನ್ನು ಸಂತೆಗೆ ಹೊಡೆಯುತ್ತಿದ್ದ. ಹಿಂಡಿಗೆ ಬಲ ಬಂತು, ಗುರುತೂ ಉಳಿಯಿತು. ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ಯಾರಾದರೂ ಮಾಡುವುದು ಇದನ್ನೇ. ನೂರಾಇಪ್ಪತ್ತು ಸೀಸೆಗಳ ಈ ಕೋಣೆಯಲ್ಲಿ ಅಂಥವನು ಒಬ್ಬನೇ.

ಒಳಗೆ ಬಂದು ಬಾಗಿಲು ಹಾಕಿದರು. ಗುಂಡಪ್ಪ ಆರಿಸಿದ ನೊಣಗಳನ್ನು ಹೊಸ ಸೀಸೆಗೆ ಇಳಿಸಿ ಹತ್ತಿಯ ಬಿರಡೆ ಇಡುತ್ತಿದ್ದ, ಮಲಗಿದ ಕೂಸಿಗೆ ಹೊದಿಸುವಷ್ಟು ಹಗುರಾಗಿ.

"ಗುಂಡಪ್ಪಣ್ಣ, ನಿಮ್ದು ಕುರಿ ಕಾಯೋ ಮನಿ, ಹೌದಿಲ್ಲ?"

"ಹೌದ್ರಿ. ನಮ್ಮ ತಮ್ಮನ ಕಡಿ ಇನ್ನಾ ಅದಾವ."

"ಈ ಹಿಂಡಿಗೆ ಹೊರಗಿನ ಟಗರು ಯಾವಾಗ ಬಿಟ್ರಿ?"

ಗುಂಡಪ್ಪ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಮಾಡಿದ್ದೇನೆ ಎಂದು ಅವನಿಗೆ ಅನಿಸಿರಲೇ ಇಲ್ಲ. ಬದಲಿಗೆ ಮುಖ ಅರಳಿತು.

"ಕೊನಿಗೂ ಕೇಳಿದ್ರಲ್ರಿ! ಹೋದ ವರ್ಷ ಪಂಚಮಿ ಹಿಂದ ಮುಂದ ರೀ. ಬಾಯಿ ತಿಂಗಳ ಗಟ್ಟಲೆ ರಜಾ ಇದ್ರು. ಇವು ಅಂಗಾತ ಬಿದ್ದು ಸಾಯಾಕತ್ತಿದ್ದು. ತತ್ತಿ ಇಟ್ರ ಅರ್ಧ ಹೊಂಡಂಗಿಲ್ಲ. ಒಂದ್ ಸೀಸೇದಾಗ ಒಂಬತ್ತೇ ಉಳದಿದ್ದು. ನಂಗ ಅನ್ನ ಇಳೀಲಿಲ್ರಿ ಅಕ್ಕೋರೆ. ಆ ಪೋರಿ ಐದ್ ವರ್ಷ ಸಾಕಿದ ಹಿಂಡು. ಅಕಿ ಬರೂದ್ರಾಗ ಖಾಲಿ ಸೀಸೆ ತೋರಸ್ಲಿ ಹ್ಯಾಂಗ? ಹಳೇ ಗಂಡು ತೆಗದು, ಆ ಮ್ಯಾಲಿನ ಹಲಗಿದು ಗಟ್ಟಿ ಗಂಡು ತಂದು ಬಿಟ್ಟೆ. ಅಮಾಸಿಗೊಮ್ಮೆ ಹಂಗ ಮೂರ್ ಸಲ. ನೋಡ್ರಿ ಈಗ, ಹ್ಯಾಂಗ ಗುಂಡಗುಂಡಗ ಅದಾವ. ಬಾಯಿ ಬಂದು ನೋಡಿ, ಕಾಕಾ ನಿಮ್ಮ ಕೈಗುಣ ಚಲೋ ಅದ ಅಂದ್ರು."

ಕೇಶರಬಾಯಿಗೆ ಅವನ ಕಡೆ ನೋಡಲಾಗಲಿಲ್ಲ. ಆದರೂ ಹೇಳಲೇಬೇಕಿತ್ತು. ಹೇಳಿದರು. ಆ ನೊಣಗಳು ಬಡಕಲಾಗಿರುವುದೇ ಅವುಗಳ ಗುಣವೆಂದು, ಅವನು ಆರಿಸಿ ಎಸೆದ ನೆಟ್ಟ ರೆಕ್ಕೆಯವುಗಳಲ್ಲೇ ಮನೀಷಾಳ ಐದು ವರ್ಷ ಇತ್ತೆಂದು, ಅದಕ್ಕೇ ಅವಳಿಗೆ ಸುಳ್ಳುಗಾತಿ ಎಂಬ ಹೆಸರು ಬಂದಿದೆಯೆಂದು ಸಣ್ಣ ಸಣ್ಣ ಮಾತಿನಲ್ಲಿ ಹೇಳಿದರು.

ಗುಂಡಪ್ಪ ಕುಂಚ ಕೆಳಗಿಟ್ಟ. ಸ್ಟೂಲು ಪಕ್ಕದಲ್ಲೇ ಇದ್ದರೂ ನೆಲದ ಮೇಲೆ ಕೂತ.

"ನನ್ನಿಂದ?" ಎಂದ. "ಅಕಿ ಹೆಸರ ಹೋಗಿದ್ದು ನನ್ನಿಂದ? ನಾಕ್ ದಿನದಿಂದ ಆ ಕಲ್ಲಿನಾಥನ್ನ ಬೈಯಾಕತ್ತೀನ್ರಿ ನಾ. ಮನಸ್ನ್ಯಾಗ."

ಕೇಶರಬಾಯಿಗೆ ನಗು ಬಂತು, ಅದರ ಜೊತೆಗೆ ಕಣ್ಣಲ್ಲಿ ನೀರೂ ಬಂತು. ತಾವೂ ಅವನ ಪಕ್ಕದಲ್ಲಿ ನೆಲಕ್ಕೇ ಕೂತರು. ಮೊಣಕಾಲು ಕಟಕ್ ಅಂದಿತು. ಇಂಥ ಅಪರಾಧಿಯನ್ನು ಅವರು ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ. ಈ ಮನುಷ್ಯನನ್ನು ಬೈಯುವುದು ಹೇಗೆ? ಅವನ ತಪ್ಪಿನಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಬರ್ಕೋರಿ ಅಕ್ಕೋರೆ," ಗುಂಡಪ್ಪ ಮೂಗೊರೆಸಿಕೊಂಡ. "ನಾ ಹೇಳ್ತೀನಿ, ನೀವ್ ಬರೀರಿ. ಸಹಿ ಹಾಕ್ತೀನಿ. ಎಲ್ಲಾ ಗಲತಿ ನಂದು. ಬಾಯೀದು ಏನೂ ಇಲ್ಲ. ನೌಕರಿ ಹೋದ್ರ ಹೋಗ್ಲಿ, ತಮ್ಮನ ಕುರಿ ಅದಾವ."

ಕೇಶರಬಾಯಿ ಹಳೆಯ ರೂಢಿಯಂತೆ ಹಾಳೆ ಮಡಿಸಿ ಅಂಚು ಬಿಟ್ಟು ಬರೆಯತೊಡಗಿದರು. ಅವನು ನಿಧಾನವಾಗಿ, ತಡೆದು ತಡೆದು ಹೇಳಿಕೊಟ್ಟ. ಕೊನೆಗೆ ಎಂದ:

"ಯಾರಿಗೂ ಕೇಳ್ಲಾರದ, ನನ್ನ ಮನಸಿಗೆ ಬಂದಂಗ ಮಾಡೀನಿ ಅಂತ ಬರೀರಿ."

ಪೆನ್ನು ನಿಂತಿತು.

ಇಡೀ ಹೇಳಿಕೆಯಲ್ಲಿ ಅವನು ತಡವರಿಸದೆ ಹೇಳಿದ ಮಾತು ಅದೊಂದೇ. ಠಾಣೆಯಲ್ಲಿ ಕೂತವರು ಹಾಗೆ ಪಟಪಟ ಹೇಳುವುದು ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತನ್ನು.

"ಗುಂಡಪ್ಪಣ್ಣ, ಇನ್ನೊಬ್ಬರ ಹಿಂಡಿಗೆ ಒಡೆಯಗ ಕೇಳ್ಲಾರದ ಟಗರು ಬಿಡ್ತಾರೇನು? ನಮ್ಮಪ್ಪ ಅಂಥವರನ್ನ ಅಂಗಳಕ್ಕ ಸೇರಸ್ತಿದ್ದಿಲ್ಲ."

ಗುಂಡಪ್ಪ ಮುಖ ಆ ಕಡೆ ತಿರುಗಿಸಿದ.

"ನೀವು ಕೇಳೀರಿ. ಯಾರಿಗೆ ಕೇಳಿದ್ರಿ?"

"ಬಿಡ್ರಿ."

"ಮನೀಷಾಗೇನು?" ಎಂದು ಕೇಶರಬಾಯಿ ಅವನತ್ತ ತಿರುಗಿದರು. ಹುಡುಗಿಗೆ ಗೊತ್ತಿತ್ತೇ? ಗೊತ್ತಿದ್ದೂ ತಮ್ಮನ್ನು ನಾಲ್ಕು ದಿನ ಅಲೆಸಿದಳೇ?

"ಛೇ ಛೇ, ಬಾಯಿಗೆ ಏನೂ ಖಬರ್ ಇಲ್ರಿ! ಆಣಿ ಮಾಡ್ತೀನಿ. ಫೋನ್ ಹಚ್ಚಿದ್ದೆ ಖರೆ. ಆದ್ರ ಅವ್ರು ಎತ್ತಲಿಲ್ಲ."

"ಮತ್ತ ಯಾರೆತ್ತಿದ್ರು?"

ಗುಂಡಪ್ಪ ತನ್ನ ಅಂಗೈ ನೋಡಿಕೊಂಡ. "ಯಾರೂ ಎತ್ತಲಿಲ್ಲ ಅಂತ ಬರ್ಕೋರಿ ಅಕ್ಕೋರೆ. ಕೈ ಮುಗೀತೀನಿ."

ಕಳೆದ ವರ್ಷ, ಪಂಚಮಿಯ ಹಿಂದೆ ಮುಂದೆ.

ಬಸವಕಲ್ಯಾಣದ ದವಾಖಾನೆಯ ಉದ್ದನೆಯ ಬೆಂಚು ಕೇಶರಬಾಯಿಯ ಕಣ್ಣಿಗೆ ಕಟ್ಟಿತು. ತಂಗಿಗೆ ಆಪರೇಷನ್ ನಡೆದಿತ್ತು. ಮನೀಷಾ ತನ್ನ ಫೋನನ್ನು ಇವರ ಕೈಗಿಟ್ಟು, ರಕ್ತ ತರಲು ಓಡಿದ್ದಳು. ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಎತ್ತಿದಾಗ ಯಾರೋ ವಯಸ್ಸಾದ ಗಂಡಸು, ಬಾಯಿಯವರ ನೊಣ ಸಾಯಾಕತ್ತಾವ್ರಿ, ಏನ್ ಮಾಡ್ಲಿ ಎಂದು ಅಳುವ ದನಿಯಲ್ಲಿ ಕೇಳಿದ್ದ. ತಂಗಿ ಒಳಗೆ ಸಾವು ಬದುಕಿನ ನಡುವೆ ಇರುವಾಗ ಹೊರಗೆ ನೊಣದ ಚಿಂತೆ! ಕೇಶರಬಾಯಿ ರೇಗಿದ್ದರು. ಆಮೇಲೆ ಆ ದನಿಯ ಅಳಲಿಗೆ ಮನಸ್ಸು ಕರಗಿ, ತಿಳಿದವರ ಗತ್ತಿನಲ್ಲಿ ಹೇಳಿಯೂ ಬಿಟ್ಟಿದ್ದರು.

ಕುರಿ ಬಡಕಲಾದ್ರ ಏನ್ ಮಾಡ್ತೀರಪ್ಪ? ಹೊರಗಿನ ಟಗರು ತಂದು ಬಿಡ್ರಿ. ನಿಮ್ಮ ಗುರ್ತಿನ ಮರಿ ಇಟ್ಕೊಂಡು ಉಳದವು ತೆಗೀರಿ. ಇಷ್ಟಕ್ಕ ಯಾಕ ಫಿಕರ್!

ಫೋನಿಟ್ಟ ಐದು ನಿಮಿಷಕ್ಕೆ ವೈದ್ಯರು ಹೊರಗೆ ಬಂದಿದ್ದರು, ತಂಗಿ ಉಳಿದಿದ್ದಳು. ಆ ಸಂತೋಷದಲ್ಲಿ ಆ ಕರೆಯನ್ನು ಮನೀಷಾಗೆ ಹೇಳುವುದಿರಲಿ, ಕೇಶರಬಾಯಿ ಅದನ್ನು ಇವತ್ತಿನ ತನಕ ನೆನೆದೂ ಇರಲಿಲ್ಲ.

ಕೇಶರಬಾಯಿ ಪೆನ್ನು ಕೆಳಗಿಟ್ಟರು.

"ಯಾವಾಗ ಗೊತ್ತಾತು ನಿಮಗ?" ಎಂದು ಕೇಳಿದರು.

"ನೀವು ಬಾಗಿಲದಾಗ ನಿಂತು ಮೊದ್ಲ ಮಾತಾಡಿದಾಗ್ಲೇ," ಗುಂಡಪ್ಪ ತಲೆಯೆತ್ತಲಿಲ್ಲ. "ಆ ದನಿ ನಾ ಮರೀತೀನೇನ್ರಿ? ಅವತ್ತ್ ನಂಗ ಧೈರ್ಯ ಕೊಟ್ಟ ದನಿ ಅದು. ನನ್ನ ತಾಯಿನೇ ಹೇಳಿದಂಗ ಆಗಿತ್ತು. ಚಹಾ ಕೊಡಾಕ ಬಂದಾಗ್ಲೆಲ್ಲಾ ಹೇಳ್ಬೇಕಂತಿದ್ದೆ, ಅಕ್ಕೋರೆ ನೀವು ಹೇಳಿದಂಗ ಮಾಡಿ ಹಿಂಡು ಉಳೀತು ಅಂತ. ಸಂಕೋಚ ಆಗಿ ಹೇಳಲಿಲ್ಲ. ಈಗ ಈ ಮಾತು ಕೇಳಿದ ಮ್ಯಾಲ ಹ್ಯಾಂಗ ಹೇಳ್ಲಿ?"

ಕೇಶರಬಾಯಿಯ ತಲೆಯಲ್ಲಿ ಲೆಕ್ಕ ತಾನಾಗಿಯೇ ಓಡಿತು. ತಮ್ಮ ಹೆಸರು ಹೇಳಿದರೆ ಸಮಿತಿ ಏನನ್ನುತ್ತದೆ? ಹುಡುಗಿಯನ್ನು ಉಳಿಸಲು ದೊಡ್ಡಮ್ಮ ಕಟ್ಟಿದ ಕತೆ ಎನ್ನುತ್ತದೆ. ಅಶೋಕಕುಮಾರರು ವರದಿ ಹರಿದು ಹಾಕುತ್ತಾರೆ, ಮನೀಷಾ ಮುಳುಗುತ್ತಾಳೆ. ಹೇಳದಿದ್ದರೆ ಹುಡುಗಿ ಪಾರು. ಈ ನೆಲದ ಮೇಲೆ ಕೂತ ಮನುಷ್ಯ ಮಾತ್ರ, ಯಾರನ್ನೂ ಕೇಳದೆ ಇನ್ನೊಬ್ಬರ ಹಿಂಡಿಗೆ ಕೈ ಹಾಕಿದವನೆಂಬ ಹೆಸರು ಹೊತ್ತು ದುಬಲಗುಂಡಿಯ ಬಸ್ಸು ಹತ್ತುತ್ತಾನೆ. ಕೇಳಿದ್ದ ಅವನು. ಕೇಳಿಯೇ ಮಾಡಿದ್ದ.

ಬಾಗಿಲು ಎರಡು ಸಲ ಬಡಿದು, ಉತ್ತರಕ್ಕೆ ಕಾಯದೆ ತೆರೆಯಿತು.

ಅಶೋಕಕುಮಾರ ಸರ್ ಹೊಸ್ತಿಲಲ್ಲೇ ನಿಂತು, ನೆಲದ ಮೇಲೆ ಅಕ್ಕಪಕ್ಕ ಕೂತ ಇಬ್ಬರು ಹಿರಿಯರನ್ನು ನೋಡಿದರು. ಕೇಶರಬಾಯಿಯ ಕೈಯಲ್ಲಿನ ಹಾಳೆಯನ್ನೂ ನೋಡಿದರು.

"ಸಮಿತಿಗೆ ಕಾಗದ ಇವತ್ತು ಸಂಜೆಯೇ ಹೋಗಬೇಕಂತೆ. ಹೆಸರು ಸಿಕ್ಕಿತೇ ಕೇಶರಬಾಯಿಯವರೆ?"

"ನಾನೇ ರೀ ಸರ್," ಎಂದು ಗುಂಡಪ್ಪ ಏಳಹೋದ.

ಕೇಶರಬಾಯಿ ಅವನ ಭುಜ ಹಿಡಿದು ಕೂಡಿಸಿದರು.

"ಒಂದಲ್ರಿ ಸರ್," ಎಂದರು. "ಎರಡ್ ಹೆಸರು ಅದಾವ."

ಅಶೋಕಕುಮಾರ ಸರ್ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

"ಮೊದಲು ಯಾರದು ಬರೆಯಲಿ?"